ತಿಂಗಳ ಹೆಸರಿಗೂ ವಿಭಕ್ತಿಯುಂಟು
ಪರಭಾಷೆಯ ತಾರೀಖನ್ನು ತೆರೆಯ ಮೇಲೆ ತಪ್ಪಿಲ್ಲದೆ ಮೂಡಿಸುವ ಕ್ರಮ

ಯೂರಿ ಗಗಾರಿನ್ ಅಂತರಿಕ್ಷವನ್ನೇರಿದ 1961ನೆಯ ಇಸವಿ ಏಪ್ರಿಲ್ 12ನೆಯ ತಾರೀಖನ್ನು ರಷ್ಯನ್ ಭಾಷೆಯಲ್ಲಿ ಬರೆಯುವವನು, ಆ ತಿಂಗಳಿನ ಮೂಲನಾಮವು ‘ಅಪ್ರೇಲ್’ ಎಂದೇ ಇರುವುದಾದರೂ, ‘12 ಅಪ್ರೇಲ್ಯ 1961’ ಎಂದು ಬರೆಯುವನೇ ಹೊರತು ‘12 ಅಪ್ರೇಲ್’ ಎಂದು ಬರೆಯಲಾರನು. ಕ್ಯಾಲೆಂಡರಿನ ಹಾಳೆಯ ಮೇಲ್ಭಾಗದಲ್ಲಿ ಒಂಟಿಯಾಗಿ ನಿಂತಾಗ ಪ್ರಥಮಾ ವಿಭಕ್ತಿಯಲ್ಲಿರುವ ಹೆಸರು, ದಿನದ ಸಂಖ್ಯೆಯೊಂದು ಜೊತೆಗೂಡಿ ‘ಏಪ್ರಿಲಿನ ಹನ್ನೆರಡನೆಯದು’ ಎಂಬ ಸಂಬಂಧಾರ್ಥ ಏರ್ಪಟ್ಟೊಡನೆ ಷಷ್ಠೀ ವಿಭಕ್ತಿಯನ್ನು ತಾಳುವುದು. ಪೋಲಿಷ್, ಚೆಕ್, ಉಕ್ರೇನಿಯನ್, ಕ್ರೊಯೇಷಿಯನ್, ಲಿಥುವೇನಿಯನ್, ಗ್ರೀಕ್ ಮೊದಲಾದ ಭಾಷೆಗಳಲ್ಲಿಯೂ ಇದೇ ನಿಯಮ. ಫಿನ್ನಿಷ್ ಭಾಷೆಯಲ್ಲಿ ಷಷ್ಠಿಗೆ ಬದಲಾಗಿ ಅಂಶವನ್ನು ಸೂಚಿಸುವ ಬೇರೊಂದು ವಿಭಕ್ತಿ ಬರುವುದು. ಸ್ಪೇನ್ ದೇಶದ ಕೆಟಲಾನ್ ಭಾಷೆಯಲ್ಲಾದರೋ ಹೆಸರಿನ ಹಿಂದೆ ‘ದೆ’ ಎಂಬ ಉಪಸರ್ಗ ಸೇರಿ, ಸ್ವರಾದಿಯಾದ ಏಪ್ರಿಲಿನ ಸಂದರ್ಭದಲ್ಲಿ ಅದು ಸಂಧಿಗೊಂಡು ‘ದಬ್ರಿಲ್’ ಎಂದಾಗುವುದು.

ಇಂಗ್ಲಿಷಿನಲ್ಲಿ ಇಂತಹ ಭೇದವಿಲ್ಲ. ಆ ಭಾಷೆಯನ್ನೇ ಮಾದರಿಯಾಗಿಟ್ಟುಕೊಂಡು ರಚಿತವಾದ ತಂತ್ರಾಂಶಗಳಲ್ಲಿ ಹನ್ನೆರಡು ಹೆಸರುಗಳ ಒಂದು ಪಟ್ಟಿಯಿದ್ದರೆ ಸಾಕೆಂಬ ಭಾವನೆ ಬಹುಕಾಲ ನೆಲೆಸಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ಲಿನಕ್ಸ್ ವ್ಯವಸ್ಥೆಗಳ ಆಧಾರವಾದ ಜಿಲಿಬ್‌ಸಿ ಎಂಬ ಲೈಬ್ರರಿಯಲ್ಲಿ ಎರಡು ರೂಪಗಳಿಗೂ ಸ್ಥಾನ ದೊರೆತದ್ದು 2018ರ ಫೆಬ್ರವರಿಯಲ್ಲಿ ಹೊರಬಂದ 2.27ನೆಯ ಆವೃತ್ತಿಯಲ್ಲಿ, ಬಿಎಸ್‌ಡಿ ಪರಂಪರೆಯ ವ್ಯವಸ್ಥೆಗಳಲ್ಲಿ ಅದಕ್ಕೆ ಮುಂಚಿನಿಂದಲೂ ಈ ಸೌಲಭ್ಯವಿದ್ದಿತು, ಪೋಸಿಕ್ಸ್ ಮಾನದಂಡ ಇದನ್ನು ಅಂಗೀಕರಿಸಿದುದು 2024ರ ಆವೃತ್ತಿಯಲ್ಲಿ. ಇಂಗ್ಲಿಷ್ ಮಾತ್ರ ಬಲ್ಲವನಿಗೆ ಈ ತೊಡಕು ಹೊಳೆಯದಿರುವುದು ಸಹಜ; ಆದರೆ ಶಾಲೆಯಲ್ಲಿ ವಿಭಕ್ತಿಪ್ರತ್ಯಯಗಳನ್ನು ಕಂಠಪಾಠ ಮಾಡಿ ಬಂದ ಕನ್ನಡಿಗ ಪ್ರೋಗ್ರಾಮರ್ ಇದನ್ನು ಮರೆತರೆ ಅವನಿಗೆ ಅಷ್ಟು ಸುಲಭವಾಗಿ ಕ್ಷಮೆ ದೊರೆಯಬಾರದೆಂದು ನನಗೆ ತೋರುತ್ತದೆ. ಆದುದರಿಂದ ಅನುಸರಿಸತಕ್ಕ ಕ್ರಮವನ್ನು ಇಲ್ಲಿ ಒಂದೊಂದಾಗಿ ನಿರೂಪಿಸಿದೆ.

ಮೊದಲು ಆಗಬೇಕಾದುದು ಪರಿಶೀಲನೆ. ತಿಂಗಳ ಹೆಸರು ತೆರೆಯ ಮೇಲೆ ಎಲ್ಲೆಲ್ಲಿ ಕಾಣಿಸಿಕೊಳ್ಳುವುದೆಂಬುದನ್ನು ಹುಡುಕಿ, ಆ ಸ್ಥಾನಗಳನ್ನು ಮೂರಾಗಿ ವಿಂಗಡಿಸತಕ್ಕದ್ದು: ದಿನದ ಸಂಖ್ಯೆಯೊಡನೆ ಬರುವುದು, ದಿನವಿಲ್ಲದೆ, ಒಂಟಿಯಾಗಿಯೋ ವರ್ಷದೊಡನೆಯೋ, ಕ್ಯಾಲೆಂಡರಿನ ಶೀರ್ಷಿಕೆಯಲ್ಲಿ ಅಥವಾ ಆಯ್ಕೆಯ ಪಟ್ಟಿಯಲ್ಲಿ ಬರುವುದು, ಪೂರ್ಣ ವಾಕ್ಯವೊಂದರ ಒಡಲಿನಲ್ಲಿ ಬರುವುದು. ಮೊದಲಿನ ಎರಡಕ್ಕೆ ಲೈಬ್ರರಿಗಳಲ್ಲಿ ಪರಿಹಾರ ಸಿದ್ಧವಾಗಿದೆ. ಮೂರನೆಯದಕ್ಕೆ ಇಲ್ಲ.

ಎರಡನೆಯದಾಗಿ, ಕೋಡಿನೊಳಗೆ ಯಾರೋ ಕೈಯಾರೆ ಬರೆದಿಟ್ಟ ಹನ್ನೆರಡು ಹೆಸರುಗಳ ಪಟ್ಟಿಯಿದ್ದರೆ ಅದನ್ನು ನಿರ್ದಾಕ್ಷಿಣ್ಯವಾಗಿ ಕಿತ್ತುಹಾಕಬೇಕು. ಯೂನಿಕೋಡ್ ಒಕ್ಕೂಟವು ಪೋಷಿಸಿಕೊಂಡು ಬಂದಿರುವ ಸಿಎಲ್‌ಡಿಆರ್ ಎಂಬ ದತ್ತಾಂಶಭಂಡಾರದಲ್ಲಿ ತಿಂಗಳ ಹೆಸರುಗಳಿಗೆ ಎರಡು ಕೋಷ್ಟಕಗಳಿಗೆ ಅವಕಾಶವಿದ್ದು, ಒಂದನ್ನು ‘ಫಾರ್ಮ್ಯಾಟ್’ ರೂಪವೆಂದೂ ಮತ್ತೊಂದನ್ನು ‘ಸ್ಟ್ಯಾಂಡ್‌ಅಲೋನ್’ ರೂಪವೆಂದೂ ಕರೆಯುವರು. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೆಸರುಗಳನ್ನು ನಕಲು ಮಾಡುವ ಚಾಪಲ್ಯಕ್ಕಂತೂ ಎಂದಿಗೂ ಎಡೆಗೊಡಬಾರದು. ಎಲೆಯುದುರುವ ತಿಂಗಳೆಂಬ ಅರ್ಥದ ‘ಲಿಸ್ತೋಪಾದ್’ ಎಂಬ ಶಬ್ದ ಪೋಲಿಷ್ ಮತ್ತು ಚೆಕ್ ಭಾಷೆಗಳಲ್ಲಿ ನವೆಂಬರ್ ಆಗಿದ್ದು, ಅವುಗಳ ಸೋದರಭಾಷೆಯಾದ ಕ್ರೊಯೇಷಿಯನ್ನಿನಲ್ಲಿ ಅಕ್ಟೋಬರ್ ಆಗಿರುವುದು.

ಮೂರನೆಯ ಹೆಜ್ಜೆಯೇ ಪ್ರಧಾನವಾದುದು. ಸಿಎಲ್‌ಡಿಆರ್ ಸಂಕೇತಪದ್ಧತಿಯಲ್ಲಿ ದೊಡ್ಡ ‘ಎಂ’ ಅಕ್ಷರವನ್ನು ನಾಲ್ಕು ಬಾರಿ ಬರೆದರೆ ದಿನದೊಡನೆ ಬರತಕ್ಕ ಪೂರ್ಣರೂಪವೂ, ದೊಡ್ಡ ‘ಎಲ್’ ಅಕ್ಷರವನ್ನು ನಾಲ್ಕು ಬಾರಿ ಬರೆದರೆ ಸ್ವತಂತ್ರವಾಗಿ ನಿಲ್ಲತಕ್ಕ ಪೂರ್ಣರೂಪವೂ ದೊರೆಯುವುವು. ಮೂರು ಬಾರಿ ಬರೆದರೆ ಅವುಗಳ ಸಂಕ್ಷಿಪ್ತರೂಪ. ಜಾವಾ, ಆಂಡ್ರಾಯ್ಡ್, ಆಪಲ್ ವೇದಿಕೆಗಳಲ್ಲಿ ಈ ಸಂಕೇತಗಳೇ ನಡೆಯುತ್ತವೆ. ಸಿ ಭಾಷೆಯಲ್ಲಿ % ಚಿಹ್ನೆಯ ಬಳಿಕ ದೊಡ್ಡ ‘ಬಿ’ ಬಂದರೆ ದಿನದೊಡನೆ ಬರುವ ರೂಪ, ನಡುವೆ ದೊಡ್ಡ ‘ಓ’ ಅಕ್ಷರವನ್ನು ಸೇರಿಸಿದರೆ ಸ್ವತಂತ್ರರೂಪ. ಡಾಟ್‌ನೆಟ್ ಚೌಕಟ್ಟು ವಿನ್ಯಾಸದಲ್ಲಿ ದಿನದ ಸಂಕೇತವಿದೆಯೋ ಇಲ್ಲವೋ ಎಂಬುದನ್ನು ನೋಡಿ ತಾನಾಗಿಯೇ ಷಷ್ಠೀರೂಪವನ್ನು ಆರಿಸಿಕೊಳ್ಳುವುದು. ಜಾವಾಸ್ಕ್ರಿಪ್ಟಿನ ಇಂಟಲ್ ಸೌಲಭ್ಯದಲ್ಲಾದರೆ, ದಿನ, ತಿಂಗಳು, ವರ್ಷ ಇವುಗಳಲ್ಲಿ ಯಾವುವು ಬೇಕೆಂದು ಮಾತ್ರ ತಿಳಿಸಿದರೆ ಅವುಗಳ ಕ್ರಮವನ್ನೂ ವಿಭಕ್ತಿಯನ್ನೂ ಅದೇ ನಿರ್ಧರಿಸುವುದು. ಸಾಧ್ಯವಿರುವಲ್ಲೆಲ್ಲ ಈ ಮಾರ್ಗವೇ ಶ್ರೇಯಸ್ಕರ.

ಆದರೆ ಇಷ್ಟು ಸೌಕರ್ಯವಿದ್ದರೂ ಕೆಲಸ ಕೆಡುವುದುಂಟು. ವಿನ್ಯಾಸಕಾರನು ದಿನದ ಸಂಖ್ಯೆಯನ್ನು ದಪ್ಪಕ್ಷರದಲ್ಲಿಯೂ ಅದರ ಕೆಳಗೆ ತಿಂಗಳನ್ನು ಸಣ್ಣಕ್ಷರದಲ್ಲಿಯೂ ತೋರಿಸಬೇಕೆಂದು ಬಯಸುವನು. ಪ್ರೋಗ್ರಾಮರ್ ಸಂಖ್ಯೆಯನ್ನು ಬೇರೆಯಾಗಿ, ತಿಂಗಳನ್ನು ಬೇರೆಯಾಗಿ ಕೇಳಿ ಪಡೆದು ಜೋಡಿಸುವನು. ಒಂಟಿಯಾಗಿ ಕೇಳಲ್ಪಟ್ಟ ತಿಂಗಳು ಒಂಟಿರೂಪದಲ್ಲಿಯೇ ಬಂದು ‘9’ ಎಂಬುದರ ಕೆಳಗೆ ‘ಮಾಯ’ ಎಂದಿರಬೇಕಾದಲ್ಲಿ ‘ಮಾಯ್’ ಎಂದು ನಿಲ್ಲುವುದು. ರಷ್ಯದಲ್ಲಿ ವಿಜಯೋತ್ಸವದ ದಿನವಾದ ಮೇ 9ನ್ನು ಹೀಗೆ ಬರೆದರೆ ಅದು ಪರಕೀಯನ ಬರಹವೆಂದು ಅಲ್ಲಿಯ ಬಾಲಕನೂ ಹೇಳಿಯಾನು. ಇಂತಹ ಸಂದರ್ಭದಲ್ಲಿ ತಾರೀಖನ್ನು ಇಡಿಯಾಗಿ ರೂಪಿಸಿಕೊಂಡು, ಬಳಿಕ ಅದರ ಭಾಗಗಳನ್ನು ಬಿಡಿಸಿಕೊಳ್ಳತಕ್ಕದ್ದು. ಜಾವಾಸ್ಕ್ರಿಪ್ಟಿನಲ್ಲಿ ಇದಕ್ಕೆಂದೇ ‘ಫಾರ್ಮ್ಯಾಟ್ ಟು ಪಾರ್ಟ್ಸ್’ ಎಂಬ ವಿಧಾನವಿದೆ. ಸಂಕ್ಷಿಪ್ತರೂಪದಲ್ಲಿ ಅಂತ್ಯಪ್ರತ್ಯಯ ಉದುರಿಹೋಗುವುದರಿಂದ ಈ ಚಿಂತೆ ಬೇಡವೆಂದು ಎಣಿಸುವುದೂ ಸರಿಯಲ್ಲ, ಏಕೆಂದರೆ ರಷ್ಯನ್ ಲಿಪಿಯಲ್ಲಿ ಮೂರೇ ಅಕ್ಷರಗಳುಳ್ಳ ಮೇ ತಿಂಗಳನ್ನು ಸಂಕ್ಷೇಪಿಸಲು ಬಾರದೆ ಅಲ್ಲಿಯೂ ಎರಡು ರೂಪಗಳು ಉಳಿಯುವುವು.

ಇನ್ನು ವಾಕ್ಯದೊಳಗೆ ಬರುವ ತಿಂಗಳ ವಿಚಾರ. ಫಿನ್ಲೆಂಡಿನ ಸ್ವಾತಂತ್ರ್ಯ ಘೋಷಣೆಯಾದ 1917ರ ಡಿಸೆಂಬರ್ 6ನ್ನು ಬರೆಯುವಾಗ ‘ಯೊವ್ಲುಕೂತಾ’ ಎಂಬ ರೂಪ ಬೇಕು. ‘ಡಿಸೆಂಬರಿನಲ್ಲಿ’ ಎನ್ನುವುದಕ್ಕೆ ‘ಯೊವ್ಲುಕೂಸ್ಸಾ’ ಎಂಬ ಮೂರನೆಯ ರೂಪ ಬೇಕು. ಸಿಎಲ್‌ಡಿಆರಿನ ಎರಡು ಕೋಷ್ಟಕಗಳಲ್ಲಿಯೂ ಅದಿಲ್ಲ. ಕನ್ನಡದ ಸ್ಥಿತಿಯೂ ಇದೇ. ತಾರೀಖಿನೊಳಗೆ ನಮ್ಮ ತಿಂಗಳ ಹೆಸರುಗಳು ರೂಪ ಬದಲಿಸವಾದುದರಿಂದ ನಾವು ಸುರಕ್ಷಿತರೆಂದು ತೋರಿದರೂ, ವಾಕ್ಯದಲ್ಲಿ ಪ್ರತ್ಯಯ ಹತ್ತಿದೊಡನೆ ತೊಡಕು ಮೊದಲಾಗುವುದು. ಹೆಸರಿನ ತುದಿಗೆ ‘ನಲ್ಲಿ’ ಎಂದು ಅಂಟಿಸುವ ಕೋಡು ‘ಮಾರ್ಚ್‌ನಲ್ಲಿ’ ಎಂಬುದನ್ನು ಸರಿಯಾಗಿ ಹೇಳಿ, ‘ಜನವರಿಯಲ್ಲಿ’ ಎನ್ನಬೇಕಾದಲ್ಲಿ ‘ಜನವರಿನಲ್ಲಿ’ ಎಂದು ಎಡವುವುದು. ಚೈತ್ರದಿಂದ ಫಾಲ್ಗುಣದವರೆಗಿನ ಹನ್ನೆರಡು ಹೆಸರುಗಳೂ ಅಕಾರಾಂತಗಳಾದುದರಿಂದ ‘ದಲ್ಲಿ’ ಎಂಬ ಒಂದೇ ರೂಪ ಎಲ್ಲಕ್ಕೂ ಒಗ್ಗುವುದೆಂಬುದು ಇಲ್ಲಿ ಗಮನಾರ್ಹ. ಈ ಕಷ್ಟವೆಲ್ಲ ಇಕಾರಾಂತವೂ ವ್ಯಂಜನಾಂತವೂ ಬೆರೆತು ಬಂದ ಆಂಗ್ಲ ಮಾಸಗಳದು.

ಪರಿಹಾರವನ್ನು ಅರಸಲು ಬಹುದೂರ ಹೋಗಬೇಕಾದುದಿಲ್ಲ. ಪೂಜೆಯ ಸಂಕಲ್ಪವನ್ನು ಹೇಳುವ ಪುರೋಹಿತರು ‘ಚೈತ್ರಮಾಸೇ’, ‘ಶ್ರಾವಣಮಾಸೇ’ ಎನ್ನುವಾಗ ಸಪ್ತಮಿಯನ್ನು ಹೊರುವುದು ‘ಮಾಸ’ವೆಂಬ ಸಾಮಾನ್ಯನಾಮವೇ ಹೊರತು ತಿಂಗಳ ಅಂಕಿತನಾಮವಲ್ಲ. ಅದೇ ಉಪಾಯದಿಂದ ‘ಜನವರಿ ತಿಂಗಳಲ್ಲಿ’, ‘ಮೇ ತಿಂಗಳಿನಿಂದ’ ಎಂದು ವಾಕ್ಯವನ್ನು ರಚಿಸಿದರೆ ಹನ್ನೆರಡಕ್ಕೂ ಒಂದೇ ಮಾದರಿ ಸಾಕಾಗುವುದು. ‘ಆಗಸ್ಟ್ 15ರಂದು’ ಎಂಬಲ್ಲಿ ಪ್ರತ್ಯಯದ ಭಾರವನ್ನು ಸಂಖ್ಯೆ ಹೊರುವುದರಿಂದ ಅದೂ ನಿರಪಾಯಕರ. ಆದರೆ ಈ ‘ರಂದು’ವನ್ನಾಗಲಿ ‘ತಿಂಗಳಲ್ಲಿ’ ಎಂಬುದನ್ನಾಗಲಿ ಕೋಡಿನೊಳಗೆ ಹುದುಗಿಸದೆ, ಇಡೀ ವಾಕ್ಯವನ್ನು ಒಂದೇ ಸಂದೇಶವಾಗಿ ಅನುವಾದಕರ ಕೈಗೆ ಒಪ್ಪಿಸಬೇಕು; ತುಂಡುತುಂಡಾದ ವಾಕ್ಯಗಳನ್ನು ಪಡೆದ ಅನುವಾದಕನು ಎಷ್ಟು ಸಮರ್ಥನಾದರೂ ಅವುಗಳಿಂದ ಭಾಷೆಯನ್ನು ಕಟ್ಟಲಾರನು.

ಬಳಕೆದಾರನು ಬೆರಳಚ್ಚು ಮಾಡಿದ ತಾರೀಖನ್ನು ಓದುವಲ್ಲಿ ಎರಡು ರೂಪಗಳನ್ನೂ ಸ್ವೀಕರಿಸುವ ಔದಾರ್ಯವಿರಲಿ. ಸಂಗ್ರಹದಲ್ಲಿ ಮಾತ್ರ ಹೆಸರಿಗೆ ಪ್ರವೇಶ ಬೇಡ. ಐಎಸ್‌ಒ 8601ರ ಪ್ರಕಾರ ‘1961-04-12’ ಎಂಬ ಅಂಕಿಗಳು ಸಾಕು. ರಷ್ಯನ್ ವಾಕ್ಯಗಳಲ್ಲಿ ತಿಂಗಳ ಹೆಸರು ಸಣ್ಣಕ್ಷರದಿಂದ ಆರಂಭವಾಗುವುದೆಂಬುದನ್ನೂ, ಶೀರ್ಷಿಕೆಯಲ್ಲಿ ದೊಡ್ಡಕ್ಷರ ಬೇಕಾಗಬಹುದೆಂಬುದನ್ನೂ ನೆನಪಿನಲ್ಲಿಟ್ಟರೆ ಒಳ್ಳೆಯದು. ದೊಡ್ಡಕ್ಷರ ಸಣ್ಣಕ್ಷರಗಳ ಗೊಡವೆಯೇ ಇಲ್ಲದ ನಮ್ಮ ಲಿಪಿಯವರು ಇದನ್ನು ಬಹುಬೇಗ ಮರೆಯುತ್ತಾರೆ.

ಕಡೆಯದಾಗಿ ಪರೀಕ್ಷೆ. ಅಂದಂದಿನ ತಿಂಗಳನ್ನು ಮಾತ್ರ ನೋಡಿ ಸಮಾಧಾನಪಡುವವರು ಮೋಸಹೋಗುವರು, ಏಕೆಂದರೆ ಚೆಕ್ ಭಾಷೆಯ ಸೆಪ್ಟೆಂಬರ್ ಎರಡು ವಿಭಕ್ತಿಗಳಲ್ಲಿಯೂ ಒಂದೇ ರೂಪದಲ್ಲಿದ್ದು ಯಾವ ದೋಷವನ್ನೂ ಹೊರಗೆಡಹುವುದಿಲ್ಲ. ಪೋಲಿಷ್ ಭಾಷೆಗೆ ಫೆಬ್ರವರಿಯನ್ನು ಆರಿಸಿಕೊಳ್ಳಬೇಕು. ಆ ಹೆಸರು ವಿಶೇಷಣದಂತೆ ನಡೆದು ‘ಲೂತಿ’ ಎಂಬುದು ‘ಲುತೆಗೊ’ ಆಗುವುದರಿಂದ, ತುದಿಗೆ ಒಂದು ಸ್ವರವನ್ನು ಅಂಟಿಸಿ ಷಷ್ಠಿಯನ್ನು ಸಾಧಿಸಹೊರಟವರ ಚಾತುರ್ಯ ಅಲ್ಲಿಯೇ ಬಯಲಾಗುವುದು. ಕೆಟಲಾನಿಗೆ ಏಪ್ರಿಲನ್ನು ಸಂಧಿಗಾಗಿಯೂ ಮಾರ್ಚನ್ನು ಸಂಧಿಯಿಲ್ಲದ ರೂಪಕ್ಕಾಗಿಯೂ ನೋಡತಕ್ಕದ್ದು. ರಷ್ಯನ್ನಿಗೆ ಮೇ ತಿಂಗಳ ಸಂಕ್ಷಿಪ್ತರೂಪ. ಇವುಗಳನ್ನು ಬರಿಯ ತಾರೀಖಿನಲ್ಲಿಯೂ ಕ್ಯಾಲೆಂಡರಿನ ಶೀರ್ಷಿಕೆಯಲ್ಲಿಯೂ ಬೇರೆ ಬೇರೆಯಾಗಿ ಪರಿಶೀಲಿಸಬೇಕು, ಏಕೆಂದರೆ ಒಂದು ಕಡೆ ತಿದ್ದಿದವರು ಮತ್ತೊಂದು ಕಡೆ ‘ಏಪ್ರಿಲಿನ 1961’ ಎಂಬಂತಹ ಶೀರ್ಷಿಕೆಯನ್ನು ಮೂಡಿಸಿಬಿಡುವುದು ಅಪೂರ್ವವೇನೂ ಅಲ್ಲ.