ಹಸಿರು ಚಹಾದ ಸ್ಪಂಜ್ ಕೇಕು: ಜೋಳದ ಹಿಟ್ಟು ಮತ್ತು ನುಗ್ಗೆಸೊಪ್ಪಿನಿಂದ ಮನೆಯಲ್ಲಿ ಮಾಡುವ ಕ್ರಮ

ಹಸಿರು ಚಹಾದ ಪುಡಿಯನ್ನು ಬೆರೆಸಿ ಮಾಡಿದ ಹಗುರವಾದ ಕೇಕು ಈಚಿನ ವರ್ಷಗಳಲ್ಲಿ ದೊಡ್ಡ ಪಟ್ಟಣಗಳ ಬೇಕರಿಗಳಲ್ಲಿ ಬಳಕೆಗೆ ಬಂದಿರುವುದು. ಪಟ್ಟಣದಲ್ಲಿ ಓದುವ ಮಕ್ಕಳು ಇದರ ರುಚಿಯನ್ನು ಕಂಡು, ಊರಿನ ಮನೆಯಲ್ಲಿಯೂ ಮಾಡಬೇಕೆಂದು ಅಪೇಕ್ಷಿಸುವುದು ಸಹಜವೇ ಆಗಿದೆ. ಆದರೆ ರಾಯಚೂರು ತಾಲೂಕಿನ ಯರಗೇರಾ ಹೋಬಳಿಯ ಮನೆಯೊಂದರಲ್ಲಿ ಇದನ್ನು ಮಾಡಬೇಕಾದರೆ ಚಹಾಪುಡಿ, ಮೈದಾಹಿಟ್ಟು ಎರಡನ್ನೂ ಹಣ ಕೊಟ್ಟು ಹೊರಗಿನಿಂದ ತರಿಸಬೇಕಾಗುವುದು. ಇಷ್ಟು ವೆಚ್ಚವು ಅವಶ್ಯಕವೇ ಎಂಬುದನ್ನು ವಿಚಾರಿಸತಕ್ಕದ್ದು. ಈ ಕೇಕಿನ ಗುಟ್ಟು ಚಹಾದಲ್ಲಿಯೂ ಇಲ್ಲ, ಮೈದಾದಲ್ಲಿಯೂ ಇಲ್ಲ. ಎಲೆಯ ಹಸಿರನ್ನು ಕೆಡದಂತೆ ನಿಲ್ಲಿಸುವುದು, ತತ್ತಿಯೊಳಗೆ ಗಾಳಿಯನ್ನು ಹಿಡಿದಿಡುವುದು, ಈ ಎರಡರಲ್ಲಿಯೇ ಅದು ಅಡಗಿದೆ. ಇವೆರಡನ್ನೂ ಹೊಲದ ಜೋಳ, ಹಿತ್ತಲಿನ ನುಗ್ಗೆ, ಅಂಗಳದ ಕೋಳಿತತ್ತಿಗಳಿಂದಲೇ ಸಾಧಿಸಬಹುದು.

ಈ ತಿನಿಸಿನ ಮೂಲ

ಯೀಸ್ಟ್ ಹಾಕದೆ, ತತ್ತಿಯನ್ನು ಕಡೆದು ಉಬ್ಬಿಸುವ ಕೇಕನ್ನು ಪೋರ್ಚುಗೀಸರು 16ನೆಯ ಶತಮಾನದಲ್ಲಿ ಜಪಾನಿನ ನಾಗಸಾಕಿ ರೇವಿಗೆ ತಂದರು. ಅದು ಅಲ್ಲಿ ‘ಕಸುತೆರಾ’ ಎಂಬ ಹೆಸರಿನಿಂದ ನೆಲೆಯೂರಿತು. ಚಹಾದ ಎಲೆಯನ್ನು ನುಣ್ಣಗೆ ಬೀಸಿ ಪುಡಿಯನ್ನೇ ಸೇವಿಸುವ ಪದ್ಧತಿ ಚೀನಾದಿಂದ ಅದಕ್ಕೂ ಮೊದಲೇ ಜಪಾನಿಗೆ ಬಂದಿತ್ತು. ಈ ಎರಡರ ಕೂಡಿಕೆಯೇ ಹಸಿರು ಚಹಾದ ಕೇಕು.

ಅಲ್ಲಿಯ ಬೆಳೆಗಾರರು ಕುಯ್ಲಿಗೆ ಮುಂಚೆ ಕೆಲವು ವಾರಗಳ ಕಾಲ ಗಿಡಗಳಿಗೆ ನೆರಳು ಕಟ್ಟುವರು. ಕೊಯ್ದ ಎಲೆಯನ್ನು ಒಡನೆಯೇ ಹಬೆಯಲ್ಲಿ ಕಾಯಿಸಿ ಒಣಗಿಸುವರು. ಎಲೆಯಲ್ಲಿರುವ ಕಿಣ್ವವು ಹಬೆಯ ಕಾವಿಗೆ ನಾಶವಾಗುವುದರಿಂದ ಎಲೆ ಕಪ್ಪಾಗದೆ ಹಸಿರಾಗಿಯೇ ಉಳಿಯುವುದು. ನಾವು ದಿನವೂ ಕುಡಿಯುವ ಕರಿ ಚಹಾದಲ್ಲಿ ಆ ಕಿಣ್ವಕ್ಕೆ ಕೆಲಸ ಮಾಡಲು ಬಿಡುತ್ತಾರೆ. ಭೇದವಿಷ್ಟೇ. ಹಬೆ, ನೆರಳು, ನುಣುಪಾದ ಬೀಸುವಿಕೆ ಎಂಬ ಈ ಮೂರು ಪಾಠಗಳನ್ನು ಬೇರೆ ಸೊಪ್ಪುಗಳಿಗೂ ಅನ್ವಯಿಸಬಹುದು.

ಚಹಾ ಈ ನೆಲದಲ್ಲಿ ಬಾರದು

ಚಹಾದ ಗಿಡಕ್ಕೆ ಹುಳಿನೆಲವು, ಧಾರಾಳವಾದ ಮಳೆಯು, ತಂಪಾದ ಹವೆಯು ಬೇಕು. ಆದಕಾರಣ ನಮ್ಮ ರಾಜ್ಯದಲ್ಲಿ ಅದು ಚಿಕ್ಕಮಗಳೂರು, ಹಾಸನ, ಕೊಡಗುಗಳ ಮಲೆನಾಡಿನಲ್ಲಿ ಮಾತ್ರ ಸ್ವಲ್ಪ ಮಟ್ಟಿಗೆ ಬೆಳೆಯುತ್ತದೆ. ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯ ಎರೆಭೂಮಿಯು ಕ್ಷಾರಗುಣದ್ದು, ಮಳೆ ಅಲ್ಪ, ಬೇಸಿಗೆಯ ತಾಪ 40 ಡಿಗ್ರಿಯನ್ನು ಮೀರುವುದು. ಇಲ್ಲಿ ಚಹಾದ ಆಸೆ ವ್ಯರ್ಥವು. ನುಗ್ಗೆಯಾದರೋ ಇಂಥ ಬಿಸಿಲಿಗೇ ಹುಟ್ಟಿದ ಮರ. ನೀರು ನಿಲ್ಲುವುದೊಂದನ್ನು ಅದು ಸಹಿಸಲಾರದು.

ಆಹಾರದೃಷ್ಟಿಯಿಂದಲೂ ನುಗ್ಗೆಯೇ ಮೇಲು. ಚಹಾದ ಒಗರಿನ ಅಂಶವು ಊಟದಲ್ಲಿರುವ ಕಬ್ಬಿಣವು ಮೈಗೆ ಹತ್ತುವುದನ್ನು ತಡೆಯುತ್ತದೆ. 2019–21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿರುವುದು. ಇಂಥ ಸ್ಥಿತಿಯಲ್ಲಿ ಮಕ್ಕಳ ತಿನಿಸಿಗೆ ಚಹಾವನ್ನು ಬೆರೆಸುವುದಕ್ಕಿಂತ, ಕಬ್ಬಿಣ, ಸುಣ್ಣ, ಪ್ರೋಟೀನು, ‘ಎ’ ಜೀವಸತ್ವದ ಮೂಲಾಂಶ ಇವುಗಳುಳ್ಳ ನುಗ್ಗೆಸೊಪ್ಪನ್ನು ಬೆರೆಸುವುದು ವಿವೇಕವು.

ಸೊಪ್ಪಿನ ಪುಡಿ ಮಾಡುವ ವಿಧಾನ

ಮೊದಲು ಮರವನ್ನು ಆರಿಸತಕ್ಕದ್ದು. ಹತ್ತಿ, ಮೆಣಸಿನಕಾಯಿ ಹೊಲಗಳ ಬದುವಿನಲ್ಲಿರುವ ನುಗ್ಗೆಯ ಮೇಲೆ ಕೀಟನಾಶಕದ ತುಂತುರು ಗಾಳಿಯಲ್ಲಿ ಬಂದು ಕೂಡುವುದುಂಟು. ಅಂಥ ಮರದ ಸೊಪ್ಪನ್ನು ಎಷ್ಟು ತೊಳೆದರೂ ನೆಚ್ಚತಕ್ಕದ್ದಲ್ಲ. ಮನೆಯ ಹಿತ್ತಲಿನ, ಔಷಧ ತಾಕದ ಮರದ ಸೊಪ್ಪೇ ಯೋಗ್ಯವು. ಕಂಬಳಿಹುಳ ಬಿದ್ದಿದ್ದರೆ ಔಷಧ ಸಿಂಪಡಿಸದೆ, ಕಾಂಡದ ಮೇಲೆ ಗುಂಪಾಗಿ ಕುಳಿತಿರುವಾಗಲೇ ಹುಳಗಳನ್ನು ಕೋಲಿನಿಂದ ಕೆರೆದು ನಾಶಪಡಿಸಬೇಕು, ಕೈ ತಾಗಿಸಬಾರದು.

ಬೆಳಗ್ಗೆ ಕೊಯ್ದ ಸೊಪ್ಪನ್ನು ಕಡ್ಡಿಯಿಂದ ಬಿಡಿಸಿ ಎರಡು ಮೂರು ನೀರಿನಲ್ಲಿ ತೊಳೆಯಬೇಕು. ಬಳಿಕ ಇಡ್ಲಿಯ ಪಾತ್ರೆಯಲ್ಲಿ ಸುಮಾರು 2 ನಿಮಿಷ ಮಾತ್ರ ಹಬೆ ಕೊಟ್ಟು, ಕೂಡಲೇ ತಣ್ಣೀರಿಗೆ ಹಾಕಿ ತೆಗೆದು ಬಸಿಯಬೇಕು. ಇದರಿಂದ ಹಸಿರು ನಿಲ್ಲುವುದು, ಹಸಿವಾಸನೆ ಇಳಿಯುವುದು. ಅನಂತರ ಶುಭ್ರವಾದ ಬಟ್ಟೆಯ ಮೇಲೆ ತೆಳುವಾಗಿ ಹರಡಿ, ಗಾಳಿಯಾಡುವ ನೆರಳಿನಲ್ಲಿ ಆಗಾಗ ಮಗುಚುತ್ತ ಒಣಗಿಸತಕ್ಕದ್ದು. ಬಿಸಿಲಿನಲ್ಲಿ ಒಣಗಿಸಿದರೆ ಬೇಗ ಒಣಗುವುದು ನಿಜ. ಆದರೆ ಬಣ್ಣವೂ ಜೀವಸತ್ವವೂ ಹಾರಿಹೋಗುವುವು. ಹಿಡಿದರೆ ಗರಗರನೆ ಮುರಿಯುವಷ್ಟು ಒಣಗಿದ ಮೇಲೆ ಬೀಸಿ, ತೆಳು ಬಟ್ಟೆಯಲ್ಲಿ ಜಾಲಿಸಿ, ಬೆಳಕು ತಾಗದ ಬಿಗಿಮುಚ್ಚಳದ ಡಬ್ಬಿಯಲ್ಲಿಡಬೇಕು. ಹಸಿ ಸೊಪ್ಪಿನ ತೂಕದಲ್ಲಿ ಮುಕ್ಕಾಲು ಪಾಲು ನೀರೇ ಆದ್ದರಿಂದ, ಬಿಡಿಸಿದ 1 ಕಿಲೋ ಸೊಪ್ಪಿನಿಂದ ಸುಮಾರು 200 ಗ್ರಾಂ ಪುಡಿ ದೊರೆಯಬಹುದು. ಮೂರು ತಿಂಗಳೊಳಗೆ ಬಳಸಿ ಮುಗಿಸುವುದು ಒಳ್ಳೆಯದು.

ಜೋಳದ ಹಿಟ್ಟಿನ ಗುಣ

ಗೋದಿಹಿಟ್ಟಿನಲ್ಲಿರುವ ಅಂಟು ಜೋಳದಲ್ಲಿಲ್ಲ. ಆದ್ದರಿಂದಲೇ ನಮ್ಮ ಹೆಣ್ಣುಮಕ್ಕಳು ಜೋಳದ ಹಿಟ್ಟಿಗೆ ಕುದಿಯುವ ಎಸರನ್ನು ಸುರಿದು, ಅದರೊಳಗಿನ ಗಂಜಿಯನ್ನು ಅರೆಬೇಯಿಸಿ, ಆ ಜಿಗುಟಿನಿಂದ ರೊಟ್ಟಿ ತಟ್ಟುವರು. ಸ್ಪಂಜ್ ಕೇಕಿನಲ್ಲಾದರೋ ಹಿಟ್ಟಿನ ಅಂಟು ಹೆಚ್ಚಾಗಿ ಬೇಕಿಲ್ಲ. ತತ್ತಿಯ ಪ್ರೋಟೀನೇ ಗಾಳಿಯ ಗುಳ್ಳೆಗಳನ್ನು ಹಿಡಿದು, ಕಾವಿಗೆ ಗಟ್ಟಿಯಾಗಿ ಗೋಡೆಯಾಗುವುದು. ಈ ಕಾರಣದಿಂದ ರೊಟ್ಟಿಗಿಂತಲೂ ಬ್ರೆಡ್ಡಿಗಿಂತಲೂ ಸ್ಪಂಜ್ ಕೇಕಿಗೇ ಜೋಳವು ಸುಲಭವಾಗಿ ಒಗ್ಗುತ್ತದೆ.

ಹಿಂಗಾರಿಯ ಬಿಳಿಜೋಳ, ಅದರಲ್ಲಿಯೂ ಮಾಲದಂಡಿ ಎಂದು ಹೆಸರಾದ ಎಂ 35-1 ತಳಿಯ ಕಾಳು, ಹಿಟ್ಟಿಗೆ ಉತ್ತಮವು. ಮಳೆಗೆ ಸಿಕ್ಕಿ ಕಪ್ಪಾದ, ಬೂಷ್ಟು ಹಿಡಿದ ಕಾಳನ್ನು ಯಾವ ಆಹಾರಕ್ಕೂ ಬಳಸಕೂಡದು. ಬೂಷ್ಟಿನ ವಿಷವು ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಜೋಳದ ಮೊಳಕೆಭಾಗದಲ್ಲಿ ಎಣ್ಣೆಯಂಶವಿರುವುದರಿಂದ ಹಳೆಯ ಹಿಟ್ಟು ಕಮಟು ಹಿಡಿಯುವುದು. ಒಂದು ವಾರದೊಳಗೆ ಬೀಸಿಸಿದ ಹಿಟ್ಟನ್ನೇ ತೆಗೆದುಕೊಂಡು ಎರಡು ಸಾರಿ ನುಣ್ಣಗೆ ಜಾಲಿಸಬೇಕು. ಇಲ್ಲವಾದರೆ ಕೇಕು ಮರಳುಮರಳಾಗುವುದು.

ಬೇಕಾಗುವ ಪದಾರ್ಥಗಳು

ಸುಮಾರು 18 ಸೆಂಟಿಮೀಟರ್ ಅಗಲದ ಒಂದು ಡಬ್ಬಿಗೆ:

ಕೋಳಿತತ್ತಿ 4
ಸಕ್ಕರೆ 120 ಗ್ರಾಂ
ಜಾಲಿಸಿದ ಜೋಳದ ಹಿಟ್ಟು 75 ಗ್ರಾಂ
ಗೋದಿಯ ಸಣ್ಣ ಹಿಟ್ಟು ಅಥವಾ ಮೈದಾ 35 ಗ್ರಾಂ
ನುಗ್ಗೆಸೊಪ್ಪಿನ ಪುಡಿ 10 ಗ್ರಾಂ
ಕರಗಿಸಿದ ತುಪ್ಪ 30 ಗ್ರಾಂ
ಉಗುರುಬೆಚ್ಚಗಿನ ಹಾಲು 2 ದೊಡ್ಡ ಚಮಚ
ಏಲಕ್ಕಿಪುಡಿ ಸ್ವಲ್ಪ, ಉಪ್ಪು ಒಂದು ಚಿಟಿಕೆ

ಹಸಿರು ಚಹಾದ ಕೇಕನ್ನೇ ಮಾಡುವವರು ನುಗ್ಗೆಯ ಬದಲು ಅಷ್ಟೇ ತೂಕದ ನುಣುಪಾದ ಹಸಿರು ಚಹಾಪುಡಿಯನ್ನು ಹಾಕಬಹುದು. ಕೈ ಪಳಗಿದ ಮೇಲೆ ಗೋದಿಯನ್ನು ಬಿಟ್ಟು ಜೋಳವನ್ನೇ 110 ಗ್ರಾಂ ಹಾಕಬಹುದು; ಆಗ ಕೇಕು ತುಸು ಪುಡಿಪುಡಿಯಾಗುವುದು.

ಮಾಡುವ ಕ್ರಮ

ತತ್ತಿಗಳನ್ನು ಮೊದಲು ನೀರಿನಲ್ಲಿ ಹಾಕಿ ನೋಡತಕ್ಕದ್ದು, ತೇಲುವವುಗಳನ್ನು ಬಿಡಬೇಕು. ಡಬ್ಬಿಯ ತಳಕ್ಕೆ ಕಾಗದವನ್ನಿಟ್ಟು ತುಪ್ಪ ಸವರಿ ಸಿದ್ಧಮಾಡಬೇಕು. ಎರಡೂ ಹಿಟ್ಟು, ಸೊಪ್ಪಿನ ಪುಡಿ, ಉಪ್ಪು, ಏಲಕ್ಕಿ ಇವುಗಳನ್ನು ಕೂಡಿಸಿ ಮೂರು ಸಾರಿ ಜಾಲಿಸಬೇಕು.

ತತ್ತಿ ಸಕ್ಕರೆಗಳನ್ನು ಅಗಲವಾದ ಪಾತ್ರೆಯಲ್ಲಿ ಹಾಕಿ, ಆ ಪಾತ್ರೆಯನ್ನು ಬಿಸಿನೀರಿನ ಮೇಲಿಟ್ಟು, ಬೆರಳಿಗೆ ಬೆಚ್ಚಗೆ ತಾಕುವವರೆಗೆ ಕದಡುತ್ತಿರಬೇಕು. ಆಮೇಲೆ ಕೆಳಗಿಳಿಸಿ ಬಿರುಸಾಗಿ ಕಡೆಯಬೇಕು. ಕೈಯಿಂದಾದರೆ 15ರಿಂದ 20 ನಿಮಿಷಗಳ ಶ್ರಮ ಬೇಕಾಗುವುದು. ಮಿಶ್ರಣವು ಮೊದಲಿನ ಮೂರರಷ್ಟು ಉಬ್ಬಿ ಬಿಳುಪಾಗಬೇಕು. ಕಡೆಗೋಲನ್ನು ಎತ್ತಿದಾಗ ಬೀಳುವ ಧಾರೆಯ ಗೆರೆಯು ಕೆಲವು ಕ್ಷಣ ಅಳಿಯದೆ ನಿಲ್ಲಬೇಕು. ಈ ಗುರುತು ಕಾಣುವ ಮೊದಲು ನಿಲ್ಲಿಸಿದರೆ ಮುಂದಿನ ಕೆಲಸವೆಲ್ಲ ವ್ಯರ್ಥವಾಗುವುದು.

ಹಿಟ್ಟನ್ನು ಮೂರು ಕಂತಿನಲ್ಲಿ ಮೇಲಿನಿಂದ ಉದುರಿಸಿ, ಅಗಲವಾದ ಸೌಟಿನಿಂದ ತಳದಿಂದ ಮೇಲಕ್ಕೆ ಮೆಲ್ಲಗೆ ಮಡಿಸುತ್ತ ಬೆರೆಸಬೇಕು; ಕಲಸಬಾರದು, ಬಡಿಯಬಾರದು. ಕಡೆಯಲ್ಲಿ ತುಪ್ಪ ಹಾಲುಗಳಿಗೆ ಎರಡು ಸೌಟು ಹಿಟ್ಟನ್ನು ಬೆರೆಸಿ, ಅದನ್ನು ಉಳಿದುದಕ್ಕೆ ಕೂಡಿಸಬೇಕು. ಒಡನೆಯೇ ಡಬ್ಬಿಗೆ ಸುರಿದು, ಮುಂಚೆಯೇ ಕಾದ ಓವನ್ನಿನಲ್ಲಿ 170 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 30ರಿಂದ 35 ನಿಮಿಷ ಬೇಯಿಸತಕ್ಕದ್ದು. ನಡುವೆ ಚುಚ್ಚಿದ ಕಡ್ಡಿಗೆ ಏನೂ ಅಂಟದಿದ್ದರೆ ಬೆಂದಿದೆಯೆಂದು ತಿಳಿಯಬೇಕು.

ಓವನ್ ಇಲ್ಲದ ಮನೆಗಳಲ್ಲಿ

ದಪ್ಪ ತಳದ ಬೋಗುಣಿಯಲ್ಲಿ ಎರಡು ಬೆರಳು ಎತ್ತರ ಒಣ ಮರಳು ಹಾಕಿ, ಅದರ ಮೇಲೆ ಒಂದು ಕಬ್ಬಿಣದ ಸಿಂಬಿಯಿಟ್ಟು, ಮುಚ್ಚಿ 10 ನಿಮಿಷ ಕಾಯಿಸಬೇಕು. ಡಬ್ಬಿಯನ್ನು ಸಿಂಬಿಯ ಮೇಲಿಟ್ಟು, ಮುಚ್ಚಳ ಹಾಕಿ, ಸಣ್ಣ ಉರಿಯಲ್ಲಿ 40ರಿಂದ 45 ನಿಮಿಷ ಬೇಯಿಸಬೇಕು. ಮೊದಲ 25 ನಿಮಿಷ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಕೂಡದು. ಕುಕ್ಕರನ್ನು ಹೀಗೆ ಬಳಸುವವರು ರಬ್ಬರಿನ ಬಳೆಯನ್ನೂ ಸೀಟಿಯನ್ನೂ ತಪ್ಪದೆ ತೆಗೆದಿಡಬೇಕು. ನೀರಿಲ್ಲದ ಕುಕ್ಕರನ್ನು ಬಿಗಿದು ಒಲೆಯ ಮೇಲಿಡುವುದು ಅಪಾಯಕರವು.

ತತ್ತಿ ತಿನ್ನದ ಮನೆಗಳಿಗೆ

ಜೋಳದ ಹಿಟ್ಟು ಮತ್ತು ಗೋದಿಹಿಟ್ಟು ತಲಾ 75 ಗ್ರಾಂ, ಸಕ್ಕರೆ 120 ಗ್ರಾಂ, ಸಿಹಿಮೊಸರು 200 ಗ್ರಾಂ, ಎಣ್ಣೆ 60 ಮಿಲಿಲೀಟರ್, ಅಡಿಗೆಸೋಡ ಅರ್ಧ ಚಹಾಚಮಚ, ಬೇಕಿಂಗ್ ಪುಡಿ ಒಂದು ಚಹಾಚಮಚ, ನುಗ್ಗೆಪುಡಿ 10 ಗ್ರಾಂ ಇವುಗಳನ್ನು ಬೆರೆಸಿ, ಕೂಡಲೇ ಇಡ್ಲಿಯಂತೆ ಹಬೆಯಲ್ಲಿ 30ರಿಂದ 35 ನಿಮಿಷ ಬೇಯಿಸಬಹುದು. ಇಲ್ಲಿ ಗೋದಿಯನ್ನು ಬಿಡುವಂತಿಲ್ಲ. ಇದು ಮೃದುವಾದ ಕೇಕೇ ಹೊರತು ನಿಜವಾದ ಸ್ಪಂಜ್ ಅಲ್ಲ; ಮೊಸರಿನ ಹುಳಿಯಿಂದ ಹಸಿರೂ ತುಸು ಮಾಸುವುದು.

ಕೇಕು ಕೆಡುವ ಕಾರಣಗಳು

ನಡುವೆ ಕುಸಿದರೆ ಬೇಗನೆ ಮುಚ್ಚಳ ತೆಗೆದಿರಬೇಕು, ಇಲ್ಲವೆ ಬೇಯುವುದು ಸಾಲದೆ ಹೋಗಿರಬೇಕು. ಗಟ್ಟಿಯಾದರೆ ಕಡೆದದ್ದು ಸಾಲದು, ಇಲ್ಲವೆ ಹಿಟ್ಟು ಬೆರೆಸುವಾಗ ಗಾಳಿಯನ್ನು ಹೊರಡಿಸಲಾಗಿದೆ. ಬಣ್ಣವು ಹಳದಿಗಂದಿಗೆ ತಿರುಗಿದರೆ ಸೊಪ್ಪು ಬಿಸಿಲಿನಲ್ಲಿ ಒಣಗಿದೆ, ಕಾವು ಮಿತಿಮೀರಿದೆ, ಇಲ್ಲವೆ ನಿಂಬೆರಸದಂಥ ಹುಳಿ ಬೆರೆತಿದೆ. ರಾಯಚೂರಿನ ಬೇಸಿಗೆಯಲ್ಲಿ ಈ ಕೇಕನ್ನು ಮರುದಿನದೊಳಗೆ ತಿಂದು ಮುಗಿಸಬೇಕು.

ಊರ ಹಿರಿಯರು ಗಮನಿಸಬೇಕಾದದ್ದು

ಈ ತಿನಿಸನ್ನು ರಕ್ತಹೀನತೆಯ ಔಷಧವೆಂದು ಭಾವಿಸತಕ್ಕದ್ದಲ್ಲ. ಕೇಕನ್ನು 10 ತುಂಡು ಮಾಡಿದರೆ ಒಂದೊಂದರಲ್ಲಿ ಸೊಪ್ಪಿನ ಪುಡಿ 1 ಗ್ರಾಂ ಮಾತ್ರ, ಸಕ್ಕರೆಯಾದರೋ 12 ಗ್ರಾಂ. ಹಬ್ಬ, ಹುಟ್ಟಿದ ದಿನಗಳಿಗೆ ಇದು ಸಾಕು. ದಿನನಿತ್ಯದ ಪುಷ್ಟಿಗೆ ನುಗ್ಗೆಯ ತಪ್ಪಲನ್ನು ಪಲ್ಯ, ಬೇಳೆಸಾರು, ರೊಟ್ಟಿಗಳಲ್ಲಿ ಬಳಸಿ, ಜೊತೆಗೆ ನಿಂಬೆರಸವನ್ನು ಸೇರಿಸುವುದೇ ಸರಿಯಾದ ದಾರಿ. ನಿಂಬೆಯ ‘ಸಿ’ ಜೀವಸತ್ವವು ಕಬ್ಬಿಣವನ್ನು ಮೈಗೆ ಹತ್ತಿಸಲು ನೆರವಾಗುವುದು. ರಕ್ತಹೀನತೆಯುಳ್ಳವರು ವೈದ್ಯರನ್ನು ಕಾಣಬೇಕು. ಆದರೂ ಕೇಕಿನ ಆಸೆಯಿಂದ ಒಂದು ಮನೆಯು ಸೊಪ್ಪನ್ನು ನೆರಳಿನಲ್ಲಿ ಒಣಗಿಸಿಡುವುದನ್ನು ಕಲಿತರೆ, ಆ ಡಬ್ಬಿಯು ಹಸಿ ಸೊಪ್ಪು ಸಿಗದ ದಿನಗಳಲ್ಲಿ ಸಾರಿಗೂ ರೊಟ್ಟಿಗೂ ಒದಗುವುದು. ಮರದ ಕೆಳಗೆ ಉದುರಿ ಹೋಗುವ ಸೊಪ್ಪಿಗೆ ಆಗ ಬೆಲೆ ಬರುವುದು.

ಜೋಳದ ವಿಷಯವೂ ಹೀಗೆಯೇ. ಭಾರತದ ಸೂಚನೆಯಂತೆ ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಹೀಗಿದ್ದರೂ ಜೋಳ ಬೆಳೆಯುವ ಮನೆಯ ಮಕ್ಕಳೇ ಜೋಳವನ್ನು ಬಡವರ ಕೂಳೆಂದು ಕಡೆಗಣಿಸಿದರೆ, ಆ ಬೆಳೆಗೆ ಮಾರುಕಟ್ಟೆಯಲ್ಲಿ ಮಾನ ದೊರೆಯುವುದೆಂತು? ಮಕ್ಕಳಿಗೆ ಮೆಚ್ಚಿಗೆಯಾದ ರೂಪದಲ್ಲಿ ಅದೇ ಹಿಟ್ಟನ್ನು ಕೊಡುವುದು ಒಂದು ಉಪಾಯವು.

ಆದಕಾರಣ ಊರಿನ ಪ್ರಮುಖರು ಮುಂಗಾರಿನ ಮೊದಲ ಮಳೆಗೆ ಮನೆಗೆ ಎರಡರಂತೆ ನುಗ್ಗೆಯ ಸಸಿಗಳನ್ನು ನೆಡಿಸುವ ಏರ್ಪಾಡು ಮಾಡಬೇಕು. ಎರೆಭೂಮಿಯಲ್ಲಿ ಮಣ್ಣನ್ನು ಏರಿಸಿ ದಿಬ್ಬದ ಮೇಲೆ ನೆಡತಕ್ಕದ್ದು. ಗಿಡವು ಆಳೆತ್ತರಕ್ಕೆ ಬರುವ ಮೊದಲೇ ತುದಿ ಚಿವುಟಿದರೆ ಕವಲೊಡೆದು ಕೈಗೆಟಕುವಂತೆ ಸೊಪ್ಪು ಬಿಡುವುದು. ಸ್ತ್ರೀಯರ ಸ್ವಸಹಾಯ ಸಂಘಗಳಿಗೆ ನೆರಳು ಗಾಳಿಗಳುಳ್ಳ ಒಂದು ಕೊಠಡಿಯನ್ನು ಒದಗಿಸಿಕೊಡುವುದು ಪಂಚಾಯತಿಗೆ ಭಾರವಾಗಲಾರದು. ಮಾರಾಟಕ್ಕೆ ತೊಡಗುವವರು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಂತೆ ನೋಂದಣಿ ಮಾಡಿಸಿಕೊಳ್ಳಬೇಕು. ತಳಿ, ಬೀಜ, ಸಂಸ್ಕರಣೆಗಳ ಬಗ್ಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ, 2008ರಲ್ಲಿ ಸ್ಥಾಪಿತವಾದ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿಯೂ ವಿಚಾರಿಸಿ ತಿಳಿದುಕೊಳ್ಳಬಹುದು.