ಆಸ್ತಿ ತೆರಿಗೆಯ ನೋಟೀಸು: ಓದುವ ಕ್ರಮ, ತಕರಾರು ಸಲ್ಲಿಸುವ ಕ್ರಮ



ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂದರೆ ನಮಗೆ ಭತ್ತದ ಗದ್ದೆ, ತುಂಗಭದ್ರಾ ಎಡದಂಡೆ ಕಾಲುವೆ, ಹಟ್ಟಿಯ ಚಿನ್ನದ ಗಣಿ ನೆನಪಾಗುತ್ತವೆ. ಅಲ್ಲಿ ಕಾಫಿ ತೋಟವಿಲ್ಲ. ಆದರೂ ಈ ಪಾಠವನ್ನು ಅಲ್ಲಿಂದಲೇ ಆರಂಭಿಸುತ್ತೇನೆ. ಆ ಸೀಮೆಯ ಒಂದು ಪಟ್ಟಣಕ್ಕೆ ನಮ್ಮ ಮಗಳನ್ನು ಕೊಟ್ಟಿದ್ದೇವೆ. ಹೋದ ಸಲ ಹೋಗಿದ್ದಾಗ ಬೀಗರು ಒಂದು ನೋಟೀಸನ್ನು ಮುಂದಿಟ್ಟು, “ನೋಡ್ರಿ ಬೀಗರ, ಹೊಲದಾಗ ಬೆಳೆದ ಭತ್ತ ಇಡೂ ಖೋಲಿ ಇದು. ಅಂಗಡಿ ಅಂತ ಬರದಾರ” ಎಂದರು. ನೋಟೀಸನ್ನು ಪೂರ್ತಿ ಓದಿದೆ. ಅವರ ನಿವೇಶನ 30×40 ಅಡಿ, ಬರೆದಿದ್ದದ್ದು 40×40. ಅಂದರೆ 1,200 ಚದರಡಿ 1,600 ಆಗಿತ್ತು. ಬೀಗರು ಮಾತ್ರ ‘ದರ ಬಹಳ ಹೆಚ್ಚಾಗಿದೆ, ಇಳಿಸಬೇಕು’ ಎಂದು ಅರ್ಜಿ ಬರೆದಿಟ್ಟಿದ್ದರು. ಅದರಲ್ಲಿ ಅಳತೆಯ ಮಾತೇ ಇರಲಿಲ್ಲ!

ನಮ್ಮಲ್ಲಿಯೂ ಹೆಚ್ಚಿನವರು ಮಾಡುವ ತಪ್ಪು ಇದೇ. ದರವನ್ನು ಕಾನೂನಿನ ಮಿತಿಯೊಳಗೆ ಸಭೆಯೇ ನಿಶ್ಚಯಿಸುತ್ತದೆ. ಒಬ್ಬ ಮಾಲೀಕನ ಅರ್ಜಿಯಿಂದ ಅದು ಇಳಿಯದು. ಆದರೆ ಅಳತೆ, ಬಳಕೆ, ಕಟ್ಟಡದ ವಯಸ್ಸು ತಪ್ಪಾಗಿದ್ದರೆ ಒಬ್ಬನೇ ನಿಂತು ತಿದ್ದಿಸಬಹುದು. ಮಂಡಿಯಲ್ಲಿ ಅಡಿಕೆಯ ಧಾರಣೆ ನಮ್ಮ ಕೈಯಲ್ಲಿಲ್ಲ, ತೂಕದ ಚೀಟಿಯನ್ನಂತೂ ನೋಡುತ್ತೇವಷ್ಟೆ?

ನಗರಸಭೆ, ಪುರಸಭೆಗಳಲ್ಲಿ ಈಗ ಸ್ವಯಂ ಘೋಷಣೆಯ ಪದ್ಧತಿ ಇದೆ. ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆಯನ್ನು ಆಧಾರವಾಗಿಟ್ಟು, ಕಟ್ಟಡದ ಬಗೆ ಮತ್ತು ವಯಸ್ಸನ್ನು ಪರಿಗಣಿಸಿ, ಮಾಲೀಕನೇ ಲೆಕ್ಕ ಹಾಕಿ ಕಟ್ಟಬೇಕು. ಹಿಂದಿನ ವರ್ಷದ ನಮೂನೆಯನ್ನು ಹಾಗೆಯೇ ನಕಲು ಮಾಡಿದರೆ ತಪ್ಪೂ ನಕಲಾಗುತ್ತದೆ. ಬೀಗರ ಮನೆಯಲ್ಲಿ ಆದದ್ದು ಬಹುಶಃ ಅದೇ. ತೆರಿಗೆಯ ಮೇಲೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಸೇರುತ್ತವೆ. ಆದ್ದರಿಂದ ತಪ್ಪಿನಿಂದ 1,000 ರೂಪಾಯಿ ಹೆಚ್ಚಾದರೆ ಕೈಬಿಡುವುದು 1,240 ರೂಪಾಯಿ, ಅದೂ ಪ್ರತಿ ವರ್ಷ.

ನಮ್ಮ ಹಳ್ಳಿಗಳ ವಿಚಾರ ಬೇರೆ. ತೋಟದ ಭೂಮಿಗೆ ಕಂದಾಯ ಇದೆ. 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮ ಪಂಚಾಯಿತಿಯ ತೆರಿಗೆ ಬೀಳುವುದು ಕಟ್ಟಡಗಳ ಮೇಲೆ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಾಗದ ಮೇಲೆ. ಬೇಸಾಯದ ಅನುಕೂಲಕ್ಕೆ ತೋಟದಲ್ಲಿ ಕಟ್ಟಡ ಕಟ್ಟಿಕೊಳ್ಳುವ ಹಕ್ಕನ್ನು 1964ರ ಭೂಕಂದಾಯ ಅಧಿನಿಯಮದ 95ನೇ ಕಲಮು ಕೊಟ್ಟಿದೆ. ಅಷ್ಟರಿಂದಲೇ ಕಟ್ಟಡ ತೆರಿಗೆ ಇಲ್ಲವೆಂದು ತಿಳಿಯಬಾರದು. ಆದರೆ ಅಡಿಕೆ ಬೇಯಿಸುವ ಕೊಟ್ಟಿಗೆಯನ್ನೋ ಕಾಫಿ ಚೀಲ ಇಡುವ ಕೋಣೆಯನ್ನೋ ವಾಣಿಜ್ಯ ಮಳಿಗೆ ಎಂದು ಬರೆದಿದ್ದರೆ ಸುಮ್ಮನಿರಬಾರದು. (ತೆರಿಗೆ ರಸೀದಿ ಹಕ್ಕುಪತ್ರವಲ್ಲ. ಹೆಸರು ಬಂತೆಂದು ಆಸ್ತಿ ಬಂತೆಂದು ತಿಳಿಯುವವರು ಈಗಲೂ ಇದ್ದಾರೆ.)

ಇನ್ನು ದಿನಗಳ ಲೆಕ್ಕ. ಗ್ರಾಮ ಪಂಚಾಯಿತಿಯ ಆದೇಶದ ಮೇಲೆ 30 ದಿನಗಳೊಳಗೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಮೇಲ್ಮನವಿ ಹೋಗಬೇಕು. ಇದು 269ನೇ ಕಲಮು. ಪಟ್ಟಣಗಳಲ್ಲಿ ನೋಟೀಸಿನಲ್ಲಿಯೇ ಬರೆದ ಅವಧಿಯೊಳಗೆ ಆಕ್ಷೇಪಣೆ ಕೊಡಬೇಕು. ಆದ್ದರಿಂದ ನೋಟೀಸು ಕೈಗೆ ಬಂದ ದಿನವನ್ನು ಅದರ ಮೇಲೆಯೇ ಬರೆದಿಡಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ದಾಖಲೆಯ ನಕಲು ಕೇಳಬಹುದು, ಆದರೆ ಉತ್ತರಕ್ಕೇ 30 ದಿನ ಕಾಲಾವಕಾಶವಿದೆ. ಅದನ್ನು ಕಾಯುತ್ತ ಕುಳಿತರೆ ಮೇಲ್ಮನವಿಯ ಗಡುವು ಮುಗಿದುಹೋಗುತ್ತದೆ. ಅರ್ಜಿಯನ್ನು ಮೊದಲು ಕೊಟ್ಟು, ಎರಡನೇ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ.

ತಕರಾರು ಇದೆಯೆಂದು ಹಣ ತಡೆಹಿಡಿಯುವುದು ಜಾಣತನವಲ್ಲ. ಪಟ್ಟಣಗಳಲ್ಲಿ ಏಪ್ರಿಲ್‌ನಲ್ಲಿ ಕಟ್ಟಿದವರಿಗೆ ಶೇ. 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ. 2 ದಂಡ. ‘ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದ್ದೇನೆ’ ಎಂದು ಬರೆದುಕೊಟ್ಟು ಕಟ್ಟಿರಿ.

ಬೀಗರ ಅರ್ಜಿಯನ್ನು ಹೊಸದಾಗಿ ಬರೆದೆವು: ಕ್ರಯಪತ್ರದ ಚೆಕ್ಕುಬಂದಿ, ಕೈನಕ್ಷೆ, ಖೋಲಿಯ ಎರಡು ಫೋಟೋ, ಭತ್ತ ಬೆಳೆದದ್ದಕ್ಕೆ ಪಹಣಿ. ಸ್ಥಳಕ್ಕೆ ಬಂದು ಟೇಪು ಹಿಡಿದು ಅಳೆದರು, ಅಳತೆ ಸರಿಹೋಯಿತು. ಖೋಲಿಯ ವಿಚಾರ ಇನ್ನೂ ತೀರ್ಮಾನವಾಗಿಲ್ಲ. ರಸ್ತೆಯ ಕಡೆಗೆ ಷಟರ್ ಇಡಿಸಿದ್ದಾರೆ, ನೋಡಿದವರು ಅಂಗಡಿ ಎನ್ನದೆ ಇನ್ನೇನೆಂದಾರು!