ರಾರಾಮುರಿ ಸಮುದಾಯದ ಓಟ ಮತ್ತು ಆಹಾರ: ಒಂದು ಸಾಂಸ್ಕೃತಿಕ ಪರಿಶೀಲನೆ

ಉತ್ತರ ಮೆಕ್ಸಿಕೋದ ಚಿವಾವಾ ರಾಜ್ಯದಲ್ಲಿ, ಪಶ್ಚಿಮ ಸಿಯೆರ್ರಾ ಮಾದ್ರೆ ಪರ್ವತಶ್ರೇಣಿಯ ಕಣಿವೆಗಳಲ್ಲಿ ವಾಸಿಸುವ ಆದಿವಾಸಿಗಳನ್ನು ಹೊರಜಗತ್ತು 'ತರಾಹುಮಾರ' ಎಂದು ಗುರುತಿಸುತ್ತದೆ. ಅವರು ತಮ್ಮನ್ನು ಕರೆದುಕೊಳ್ಳುವುದು 'ರಾರಾಮುರಿ' ಎಂದು. ಈ ಎರಡು ಹೆಸರುಗಳ ನಡುವಿನ ಅಂತರವೇ ಪ್ರಸ್ತುತ ಲೇಖನದ ಚರ್ಚಾವಸ್ತು. 17ನೆಯ ಶತಮಾನದಲ್ಲಿ ಜೆಸ್ವಿಟ್ ಪಾದ್ರಿಗಳೂ ಬೆಳ್ಳಿಗಣಿಗಳ ಒಡೆಯರೂ ಈ ನೆಲವನ್ನು ಪ್ರವೇಶಿಸಿದರು. ಇದರ ವಿರುದ್ಧದ ಬಂಡಾಯಗಳು ಹತ್ತಿಕ್ಕಲ್ಪಟ್ಟಾಗ ಅನೇಕರು ದುರ್ಗಮ ಪ್ರದೇಶಗಳಿಗೆ ಹಿಂದೆ ಸರಿದರು. ಅಲ್ಲಿ ಮನೆಗಳು ದೂರದೂರ. ಕಾಲುದಾರಿಯೇ ಸಂಬಂಧಗಳ ಆಧಾರ.

ಗಂಡಸರ ಓಟಕ್ಕೆ 'ರಾರಾಹಿಪಾರಿ' ಎಂದು ಹೆಸರು. ಎರಡು ತಂಡಗಳು ಮರದ ಚೆಂಡನ್ನು ಪಾದದಿಂದ ಚಿಮ್ಮುತ್ತ ಬೆಟ್ಟದ ಹಾದಿಯಲ್ಲಿ ಓಡುತ್ತವೆ. ಓಟವು ಕೆಲವೊಮ್ಮೆ ರಾತ್ರಿಯಿಡೀ ಪಂಜಿನ ಬೆಳಕಿನಲ್ಲಿ ಸಾಗುವುದುಂಟು. ಹೆಂಗಸರು ಚೆಂಡಿನ ಬದಲು ಬಳೆಯನ್ನು ಕೋಲಿನಿಂದ ಎಸೆಯುತ್ತ ಓಡುತ್ತಾರೆ. ಪಂದ್ಯ ಕಟ್ಟುವವರು, ಹುರಿದುಂಬಿಸುತ್ತ ಜೊತೆಗೆ ಓಡುವವರು, ಪಂಜು ಹಿಡಿಯುವವರು ಎಲ್ಲರೂ ಇದರ ಭಾಗಿಗಳು.

ಆಹಾರದ ನೆಲೆಯೂ ಇಂಥದೇ. ಮೆಕ್ಕೆಜೋಳ, ಹುರುಳಿಕಾಯಿಯ ಕಾಳು, ಕುಂಬಳ ಇವು ಮುಖ್ಯ ಬೆಳೆಗಳು. ಹುರಿದು ಬೀಸಿದ ಜೋಳದ ಹಿಟ್ಟು 'ಪಿನೋಲೆ'. ನೀರಿನಲ್ಲಿ ಕದಡಿ ಕುಡಿಯುವ ಈ ಹುರಿಹಿಟ್ಟು ದಾರಿಯ ಬುತ್ತಿಯೂ ಹೌದು. ಮೊಳಕೆ ಬರಿಸಿದ ಜೋಳವನ್ನು ಹುದುಗಿಸಿದ ಮದ್ಯ 'ತೆಸ್ಗುವಿನೊ'. ಅದು ಕೆಲವೇ ದಿನಗಳಲ್ಲಿ ಕೆಡುವುದರಿಂದ ಕೂಡಿಡುವಂತಿಲ್ಲ, ಹಂಚಿಯೇ ಕುಡಿಯಬೇಕು. ಹೊಲದ ಕೆಲಸಕ್ಕೆ ನೆರೆಯವರನ್ನು ಕರೆದು ಮದ್ಯವನ್ನಿತ್ತು ಸತ್ಕರಿಸುವ ಈ ಮುಯ್ಯಾಳು ಮಾದರಿಯ ವ್ಯವಸ್ಥೆಯನ್ನು ಜಾನ್ ಕೆನಡಿ 1963ರಲ್ಲಿಯೇ ಅಧ್ಯಯನಕ್ಕೆ ಒಳಪಡಿಸಿದ್ದರು. ಇಲ್ಲದವರು ಕೇಳಿದಾಗ ಇದ್ದವರು ಕೊಡಬೇಕೆಂಬ 'ಕೋರಿಮಾ' ಎಂಬ ಕಟ್ಟಳೆಯನ್ನೂ ಇದರೊಂದಿಗೆ ಗಮನಿಸಬೇಕು.

1993ರಲ್ಲಿ 55ರ ವಯಸ್ಸಿನ ವಿಕ್ತೋರಿಯಾನೊ ಚುರ್ರೊ ಅಮೆರಿಕದ ಲೆಡ್‌ವಿಲ್‌ನಲ್ಲಿ 100 ಮೈಲಿಗಳ ಓಟವನ್ನು ಗೆದ್ದರು. 2009ರಲ್ಲಿ ಪ್ರಕಟವಾದ ಕ್ರಿಸ್ಟೊಫರ್ ಮೆಕ್‌ಡೂಗಲ್‌ರ 'ಬಾರ್ನ್ ಟು ರನ್' ಕೃತಿ ಈ ಸಮುದಾಯದ ಓಟವನ್ನು ಜಗತ್ಪ್ರಸಿದ್ಧಗೊಳಿಸಿತು. ಈ ಕೀರ್ತಿಯ ಜೊತೆಗೇ 'ಹುಟ್ಟು ಓಟಗಾರರು' ಎಂಬ ಪಡಿಯಚ್ಚೂ ಹರಡಿತು. ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು 2020ರ ಲೇಖನದಲ್ಲಿ ಇದನ್ನು ಪ್ರಶ್ನಿಸಿದರು: ಓಟದ ಕಸುವು ಜನ್ಮದತ್ತ ಪವಾಡವಲ್ಲ, ನಿತ್ಯದ ದುಡಿಮೆ ಮತ್ತು ನಡಿಗೆಯ ಫಲ, ಓಟವು ಅವರಿಗೆ ಪ್ರಾರ್ಥನೆಯೂ ಹೌದು. ಈ ಲೇಖನದ ಸಹಲೇಖಕರಲ್ಲಿ ರಾರಾಮುರಿ ಓಟಗಾರರೊಬ್ಬರು ಇರುವುದು ಗಮನಾರ್ಹ.

ಹೊಗಳಿಕೆಯೂ ಒಂದು ಬಗೆಯ ಯಜಮಾನಿಕೆಯಾಗಬಲ್ಲದು. ಸಮುದಾಯದ ಸಾಮರ್ಥ್ಯವನ್ನು ರಕ್ತಗುಣವೆಂದು ಬಣ್ಣಿಸಿದೊಡನೆ ಅದರ ಹಿಂದಿನ ಶ್ರಮ, ಚರಿತ್ರೆ, ಹಂಚಿಕೆಯ ನೀತಿಗಳು ಮರೆಯಾಗುತ್ತವೆ. ಆದಿವಾಸಿ ಅಧ್ಯಯನದಲ್ಲಿ ತೊಡಗುವ ಯಾರೇ ಆದರೂ ಈ ಎಚ್ಚರವನ್ನು ಉಳಿಸಿಕೊಳ್ಳುವುದು ಅಗತ್ಯ.